ಒಲೆಕಲ್ಲಿಗೆ ಎರೆದ ಹಾಲು

ನಮ್ಮ ಮನೆಯ ಹಿಂದೆ ಕಾಸರಕನ ಮರದ ಬುಡದಲ್ಲಿ ಒಂದು ಕರಿಕಲ್ಲು ಇದೆ. ಮೊಣಕಾಲಿನಷ್ಟು ಎತ್ತರದ ಕಲ್ಲು. ಅದರ ಮೈಮೇಲೆ ಅರಶಿನದ ಕಲೆ, ಮುಂದೆ ದೀಪ ಇಡಲು ಒಂದು ಹಂಚಿನ ತುಂಡು. ನಾಗರಪಂಚಮಿಯ ದಿನ ನಮ್ಮ ಗುಡ್ಡದ ಪದವಿನ ನಾಲ್ಕಾರು ಮನೆಯ ಹೆಂಗಸರು ಬಂದು ಅದಕ್ಕೆ ಹಾಲು ಎರೆದು ಹೋಗುತ್ತಾರೆ. ಅದು ನಾಗನ ಕಲ್ಲಲ್ಲ. ನನ್ನ ಅಮ್ಮ ಭತ್ತ ಬೇಯಿಸುತ್ತಿದ್ದ ಒಲೆಯ ಮೂರು ಕಲ್ಲುಗಳಲ್ಲಿ ಉಳಿದುಕೊಂಡದ್ದು. ಅದನ್ನು ನಾಗ ಮಾಡಿದವಳು ನಾನು. ತಂಗಿಗೆ ಮನೆಯಾಗಬಾರದೆಂದು ಮಾಡಿದೆ.

ನಾನು ಕಲಿತದ್ದು ನಾಲ್ಕನೆಯ ಕ್ಲಾಸಿನವರೆಗೆ. ಬೀಡಿ ಕಟ್ಟುವುದು ನನ್ನ ಕೆಲಸ, ಬರೆಯುವುದಲ್ಲ. ಆದರೂ ಅಕ್ಷರ ಮರೆತುಹೋಗದೆ ಉಳಿದದ್ದು ತಂಗಿಯಿಂದ. ಅವಳು ನನಗಿಂತ ಹನ್ನೊಂದು ವರ್ಷ ಚಿಕ್ಕವಳು. ಸಂಜೆ ನಾನು ಎಲೆ, ಹೊಗೆಸೊಪ್ಪಿನ ಗೆರಸೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುವಾಗ ಎದುರು ಕೂತು ಕನ್ನಡ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಮನೆಯಲ್ಲಿ ನಾವು ಆಡುವುದು ತುಳು. ಪುಸ್ತಕದ ಕನ್ನಡ ನನಗೆ ಸಿಕ್ಕಿದ್ದು ಅವಳ ಬಾಯಿಂದ. ಅವಳು ಐದನೆಯ ಕ್ಲಾಸಿಗೆ ಹೋದಾಗ ನಾನೂ ಕೂತಲ್ಲಿಯೇ ಐದಕ್ಕೆ ಹೋದೆ, ಆರಕ್ಕೆ ಹೋದೆ. ಅವಳು ಹತ್ತು ದಾಟಿ ಟೀಚರ್ ಕಲಿಯಲು ಕಾಸರಗೋಡಿಗೆ ಹೋಗತೊಡಗಿದ ಮೇಲೆ ಗಟ್ಟಿಯಾಗಿ ಓದುವುದನ್ನು ಬಿಟ್ಟಳು. ನನ್ನ ಶಾಲೆ ಅಲ್ಲಿಗೆ ಮುಗಿಯಿತು.

ಅಮ್ಮ ದೊಡ್ಡ ಮನೆಗಳಿಂದ ಭತ್ತ ತಂದು, ಬೇಯಿಸಿ, ಒಣಗಿಸಿ, ಕುಚ್ಚಲಕ್ಕಿ ಮಾಡಿ ಕೊಡುತ್ತಿದ್ದಳು. ಒಲೆ ಮನೆಯ ಹಿಂದೆ, ಕಾಸರಕನ ಮರದ ಬಳಿ ಬಯಲಲ್ಲಿ. ಮೂರು ಕಲ್ಲು, ಮೇಲೆ ತಾಮ್ರದ ಹಂಡೆ. ಬೆಂಕಿಗೆ ತರಗೆಲೆ ಮತ್ತು ತೆಂಗಿನ ಮಡಲು ತುಂಬುವ ಕೆಲಸ ನನ್ನದು. ಹಂಡೆ ಕುದಿಯುವಾಗ ಶಾಲೆಗೆ ಹೋಗಲು ಆಗುತ್ತಿರಲಿಲ್ಲ. ಹಾಗೆ ಒಂದು ದಿನ ಬಿಟ್ಟದ್ದು, ಒಂದು ವಾರ ಬಿಟ್ಟದ್ದು, ಆಮೇಲೆ ಪೂರ್ತಿ ಬಿಟ್ಟದ್ದು. ತಂಗಿಗೆ ಬುದ್ಧಿ ತಿಳಿಯುವ ಹೊತ್ತಿಗೆ ಊರಿಗೆ ಮಿಲ್ಲು ಬಂದು ಒಲೆ ತಣ್ಣಗಾಗಿತ್ತು. ಎರಡು ಕಲ್ಲುಗಳನ್ನು ಯಾರೋ ಬಾವಿಕಟ್ಟೆಗೆ ಎತ್ತಿಕೊಂಡು ಹೋಗಿದ್ದರು. ತಂಗಿಗೆ ಏಳು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಮ್ಮ ಹೇಗೆ ಮಾತಾಡುತ್ತಿದ್ದಳು ಎಂದು ಅವಳಿಗೆ ಸರಿಯಾಗಿ ನೆನಪಿಲ್ಲ. ಈ ಮಾತು ಮುಂದೆ ಬೇಕಾಗುತ್ತದೆ.

ನನ್ನ ಮದುವೆಯೂ ಹೆಚ್ಚು ಬಾಳಲಿಲ್ಲ. ಬೋಟಿಗೆ ಹೋಗುತ್ತಿದ್ದ ಗಂಡ ಆರು ವರ್ಷದಲ್ಲಿ ನನ್ನನ್ನು ಬಿಟ್ಟು ಹೊರಟುಹೋದರು, ಮಕ್ಕಳಾಗಲಿಲ್ಲ. ತಂಗಿಯನ್ನು ನಾನೇ ಓದಿಸಿದೆ, ನಾನೇ ಮದುವೆ ಮಾಡಿಸಿದೆ. ಅವಳ ಗಂಡ ಗಲ್ಫಿನಲ್ಲಿ ಒಂದು ಅಂಗಡಿಯಲ್ಲಿದ್ದರು. ಅವಳು ಅಂಗನವಾಡಿಯಲ್ಲಿ ಟೀಚರಾದಳು. ಊರಿನವರು ಅವಳನ್ನು ಟೀಚರ್ ಎಂದು ಕರೆಯತೊಡಗಿದರು, ನನ್ನನ್ನು ಟೀಚರ ಅಕ್ಕ ಎಂದು. ಮೊದಮೊದಲು ಅದನ್ನು ಕೇಳಲು ಹಿತವಾಗಿತ್ತು. ಆಮೇಲೆ ನನಗೆ ನನ್ನದೇ ಒಂದು ಗುರುತು ಇಲ್ಲವೇ ಎನ್ನಿಸತೊಡಗಿತು.

ನಮ್ಮದು ಅಳಿಯಕಟ್ಟು. ಜಾಗ ತಾಯಿಯಿಂದ ಹೆಣ್ಣುಮಕ್ಕಳಿಗೆ ಬರುತ್ತದೆ. ಅವಳ ಮದುವೆಯ ಮರುವರ್ಷ, ಎರಡು ಸಾವಿರದ ಮೊದಲ ವರ್ಷಗಳಲ್ಲಿ, ಅಮ್ಮನ ಜಾಗವನ್ನು ಪಾಲು ಮಾಡಿದೆವು. ವರ್ಕಾಡಿ ಕಡೆಯ ಇಳಿಜಾರು ಜಾಗ. ಕೆಳಗೆ ನೀರು ಹರಿಯುವ ತೋಡು, ಅದರ ಮೇಲೆ ಹಳೆಮನೆ, ಬಾವಿ, ಹತ್ತು ತೆಂಗು, ಒಂದಷ್ಟು ಗೇರುಮರ. ಅದಕ್ಕೂ ಮೇಲೆ ಬೋಳು ಪದವು, ಮುಳ್ಳು ಮತ್ತು ಕಲ್ಲು.

"ಅಕ್ಕ, ನೀನು ಮೊದಲು ಆರಿಸು," ಎಂದಳು ತಂಗಿ. ನಾನು ಕೆಳಗಿನದನ್ನು ಹೇಳಿದೆ. ಯಾರಿದ್ದರೂ ಅದನ್ನೇ ಹೇಳುತ್ತಿದ್ದರು. ಅವಳು ಮೇಲಿನದಕ್ಕೆ ಸಹಿ ಹಾಕಿದಳು. ದಾರಿಯಲ್ಲಿ ಬರುವಾಗ, ಪಾಪದ ಹುಡುಗಿ, ಅವಳಿಗೆ ಕಲ್ಲು ಸಿಕ್ಕಿತು ಎಂದು ನನಗೆ ಮರುಕವೂ ಆಗಿತ್ತು. ಮರುಕಪಡುವುದು ನನಗೆ ಯಾವಾಗಲೂ ಸುಲಭ. ಕಷ್ಟವಾಗುವುದು ಅವರಿಗೆ ಒಳ್ಳೆಯದಾದಾಗ.

ಮೂರು ವರ್ಷ ಕಳೆಯುವಷ್ಟರಲ್ಲಿ ಪಂಚಾಯತಿನವರು ಪದವಿನ ಮೇಲೆ ರಸ್ತೆ ಮಾಡಿದರು, ಡಾಮರು ಹಾಕಿದರು. ಜೀಪು ಬಂತು, ಆಮೇಲೆ ಬಸ್ಸು ಬಂತು. ತಂಗಿಯ ಬೋಳು ಜಾಗ ರಸ್ತೆಬದಿಯ ಜಾಗವಾಯಿತು. ನನ್ನ ಮನೆಗೆ ಗ್ಯಾಸ್ ಸಿಲಿಂಡರ್ ತರಬೇಕಾದರೆ ಅವಳ ಜಾಗದ ಮೂಲಕ ಇಳಿಸಿ ತರಬೇಕು. ಅವಳು ಒಂದು ದಿನವೂ ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಜಗಳವಾಡಿ ಹಗುರವಾಗುತ್ತಿದ್ದೆ. ನಾನೇ ಆರಿಸಿದ್ದು, ಅವಳು ಕಸಿದುಕೊಂಡದ್ದಲ್ಲ, ಜಗಳಕ್ಕೆ ಹಿಡಿಯಲು ಒಂದು ಕಾರಣವೂ ಇರಲಿಲ್ಲ.

ಹೀಗೆ ಇನ್ನೂ ಹತ್ತು ವರ್ಷ ಕಳೆದಾಗ ಗ್ಯಾಸಿನ ಪೈಪಿನ ಸುದ್ದಿ ಬಂತು. ದಕ್ಷಿಣದಿಂದ ಮಂಗಳೂರಿನ ಕಡೆಗೆ ನೆಲದಡಿಯಲ್ಲಿ ದೊಡ್ಡ ಪೈಪು ಹೋಗುತ್ತದೆ, ನಮ್ಮ ಊರಿನ ಮೂಲಕ. ಜಾಗ ನಮ್ಮದೇ ಆಗಿ ಉಳಿಯುತ್ತದೆ, ಆದರೆ ಪೈಪಿನ ಮೇಲೆ ಒಂದು ದೊಡ್ಡ ರಸ್ತೆಯಷ್ಟು ಅಗಲಕ್ಕೆ ಮನೆ ಕಟ್ಟಬಾರದು, ದೊಡ್ಡ ಮರ ನೆಡಬಾರದು. ನಾವಿರುವುದು ಕೇರಳದ ಗಡಿಯೊಳಗೆ, ನೋಟೀಸು ಬಂದದ್ದು ಮಲಯಾಳದಲ್ಲಿ. ಶಾಲೆಯಲ್ಲಿ ಸಭೆ ಸೇರಿದಾಗ ಅದನ್ನು ಓದಿ, ತುಳುವಿನಲ್ಲೂ ಕನ್ನಡದಲ್ಲೂ ಬಿಡಿಸಿ ಹೇಳಿದವಳು ನನ್ನ ತಂಗಿ. ಎದ್ದುನಿಂತು ಆಫೀಸರುಗಳ ಹತ್ತಿರ ಅವರ ಭಾಷೆಯಲ್ಲೇ ಕೇಳಿದಳು. ಬಾವಿಯಿಂದ ಎಷ್ಟು ದೂರ ಅಗೆಯುತ್ತೀರಿ, ಕಡಿದ ಗೇರುಮರಕ್ಕೆ ಈ ವರ್ಷದ ಫಸಲನ್ನು ಮಾತ್ರ ಹಿಡಿಯುತ್ತೀರಾ ಮುಂದಿನದನ್ನೂ ಹಿಡಿಯುತ್ತೀರಾ ಎಂದು ಕೇಳಿದಳು. ಆಫೀಸರು ಕುರ್ಚಿಯಲ್ಲಿ ನೆಟ್ಟಗೆ ಕೂತರು. ನನ್ನ ಪಕ್ಕದಲ್ಲಿದ್ದ ಹೆಂಗಸು ನನ್ನ ಕೈ ತಟ್ಟಿ, ನಿನ್ನ ತಂಗಿ ಇದ್ದಾಳಲ್ಲ, ನಿನಗೆ ಯಾವ ಚಿಂತೆ ಎಂದಳು. ನಾನು ನಕ್ಕೆ. ತಂಗಿಗೆ ಆ ಬಾಯಿ ಬಂದದ್ದು ಬೀಡಿ ಕಟ್ಟಿದ ನನ್ನ ಬೆರಳಿನಿಂದ ಎಂದು ಅಲ್ಲಿದ್ದ ಯಾರಿಗೂ ಹೊಳೆಯಲಿಲ್ಲ.

ಮೊದಲ ಅಳತೆಯಲ್ಲಿ ಗೆರೆ ಬಿದ್ದದ್ದು ನನ್ನ ಜಾಗದಲ್ಲಿ. ಮನೆಗೂ ಬಾವಿಗೂ ತಾಗದೆ ಹಿಂದಿನ ಗೇರುಮರಗಳ ನಡುವೆ, ಕಾಸರಕನ ಮರದ ಪಕ್ಕದಲ್ಲಿ ಹಾದುಹೋಗಿತ್ತು. ಬಾವಿಯ ಅಂಚಿಗೆ ಬಂದಿದ್ದ ಗೆರೆಯನ್ನು ವಾದ ಮಾಡಿ ಅಷ್ಟು ದೂರಕ್ಕೆ ಸರಿಸಿದ್ದೂ ತಂಗಿಯೇ. ನನಗೆ ಹೋಗುವುದು ಆರೇಳು ಗೇರುಮರ. ಅಲ್ಲಿ ಯಾರೂ ಮನೆ ಕಟ್ಟುವುದಿರಲಿಲ್ಲ. ತನ್ನ ಜಾಗಕ್ಕೆ ಏನೂ ಇಲ್ಲ ಎಂದು ಖಾತ್ರಿಯಾದ ಮೇಲೆ ಅವಳು ಮನೆಯ ಪ್ಲ್ಯಾನು ಮಾಡಿಸಿದಳು.

ಒಂದು ಭಾನುವಾರ ಪ್ಲ್ಯಾನು ಹಿಡಿದುಕೊಂಡು ಬಂದಳು. ಮದುವೆಯಾದಂದಿನಿಂದ ಹೊಸಂಗಡಿಯಲ್ಲಿ ಬಾಡಿಗೆಯ ಎರಡು ಕೋಣೆಯಲ್ಲಿ ಇದ್ದವಳು. ಗಂಡ ಕಳಿಸಿದ್ದನ್ನು ಕೂಡಿಸಿ ಕೂಡಿಸಿ ಇಟ್ಟಿದ್ದಳು. ಮನೆಯ ಗುರುತಿನ ಕುತ್ತಿ ಹೊಡೆಯಲು ದಿನ ನೋಡಿಸಿ, ನಾಲ್ಕು ಮೂಲೆಗೆ ಗೂಟ ಹೊಡೆಸಿ, ಕೆಂಪು ದಾರ ಕಟ್ಟಿಸಿದ್ದಳು. ಮಳೆ ನಿಂತ ಕೂಡಲೆ ಅಡಿಪಾಯದ ಪಂಚಾಂಗ ಹಾಕುವುದೆಂದು ತೀರ್ಮಾನವಾಗಿತ್ತು. ಕೋಣೆಗಳನ್ನು ಇನ್ನೊಮ್ಮೆ ಅಳೆದು ನೋಡುವ ಆಸೆ ಅವಳಿಗೆ.

"ಅಕ್ಕ, ಟೇಪಿನ ಈ ತುದಿ ಸ್ವಲ್ಪ ಹಿಡಿ."

ನನಗೆ ನಾಳೆ ಬ್ರಾಂಚಿಗೆ ಬೀಡಿ ಕೊಡಲಿಕ್ಕುಂಟು, ಪುರುಸೊತ್ತಿಲ್ಲ ಎಂದೆ. ಅವಳು ಟೇಪಿನ ತುದಿಗೆ ಒಂದು ಕಲ್ಲು ಹೇರಿ ತಾನೊಬ್ಬಳೇ ಅಳೆದಳು. ಆಮೇಲೆ ಕೆಳಗೆ ಬಂದು ಜಗಲಿಯಲ್ಲಿ ಕೂತು ಪ್ಲ್ಯಾನು ಬಿಡಿಸಿದಳು. ಒಂದು ಚೌಕದ ಮೇಲೆ ಬೆರಳಿಟ್ಟು, "ಇದು ನಿನ್ನ ಕೋಣೆ. ಎರಡು ಕಿಟಕಿ ಇಡಿಸಿದ್ದೇನೆ. ಬೀಡಿ ಕಟ್ಟಲಿಕ್ಕೆ ಬೆಳಕು ಬೇಕಲ್ಲ," ಎಂದಳು.

ಅವಳು ಪ್ರೀತಿಯಿಂದಲೇ ಹೇಳಿದ್ದು. ನನ್ನ ಕಿವಿಗೆ ಬಿದ್ದದ್ದು ಬೇರೆ. ಆ ತಾರಸಿ ಮನೆಯ ಮೂಲೆಯಲ್ಲಿ ಗೆರಸೆ ಹಿಡಿದು ಕೂತ ನನ್ನನ್ನು, ಬಂದವರಿಗೆಲ್ಲ ಅವಳು, ಇವಳು ನನ್ನ ಅಕ್ಕ ಎಂದು ತೋರಿಸುವುದನ್ನು ಮನಸ್ಸಿನಲ್ಲೇ ಕಂಡೆ. ಅವಳಿಗೆ ಚಾ ಕೊಟ್ಟೆ. ಸಕ್ಕರೆ ಹಾಕಲು ಮರೆತಿದ್ದೆ. ಅವಳು ಹೇಳದೆ ಕುಡಿದು ಹೋದಳು.

ಎರಡು ದಿನ ಕಳೆದು ಗೇರುಬೀಜದ ಕಾಕ ಬಂದರು. ಅವರು ಬ್ಯಾರಿಗಳು, ನಮ್ಮ ಕಡೆಯ ಮುಸಲ್ಮಾನರು. ಎಷ್ಟೋ ವರ್ಷ ಮನೆಮನೆಗೆ ಬಂದು ಗೇರುಬೀಜ ಕೊಂಡವರು. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯಲ್ಲಿ ಅತ್ತೆಯನ್ನು ಕೇಳಬೇಕು, ಯಾವ ಮನೆಯಲ್ಲಿ ಸೊಸೆಯನ್ನು ಕೇಳಬೇಕು ಎಲ್ಲ ಅವರಿಗೆ ಗೊತ್ತು. ಪೈಪಿನ ಕೆಲಸದವರು ಜಾಗದವರನ್ನು ಒಪ್ಪಿಸಲು ಅವರನ್ನೇ ಇಟ್ಟುಕೊಂಡಿದ್ದರು. ನಮ್ಮ ಹತ್ತಿರ ತುಳು, ಅವರವರಲ್ಲಿ ಬ್ಯಾರಿ, ಆಫೀಸರ ಹತ್ತಿರ ಮಲಯಾಳ. ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ ಬೆಕ್ಕಿನ ಮರಿ ಎಷ್ಟಾಯಿತು ಎಂದು ಕೇಳಿ, ಕೊನೆಗೆ ಪೈಪಿನ ಮಾತಿಗೆ ಬರುವುದು ಅವರ ಕ್ರಮ. ಅಂದು ಸಹಿಯ ಕಾಗದ ತಂದಿದ್ದರು.

"ಅಕ್ಕ, ಕೊನೆಗೊಂದು ಕೇಳ್ಬೇಕು. ಈ ಗೆರೆಯೊಳಗೆ ನಾಗ, ದೈವ, ಗೋರಿ, ಹಾಗೆಂತಾದ್ರೂ ಉಂಟಾ? ಜೆಸಿಬಿ ಬಂದ ಮೇಲೆ ಹೇಳಿದ್ರೆ ನನ್ನ ಮರ್ಯಾದೆ ಹೋಗ್ತದೆ."

"ಇದ್ರೆ ಎಂತ ಮಾಡ್ತೀರಿ?"

"ಎಂತ ಮಾಡುದು, ತಪ್ಪಿಸಿ ಹೋಗುದು. ನಾಗನೊಟ್ಟಿಗೆ ಗಲಾಟೆ ಯಾರಿಗೆ ಬೇಕು ಮಾರಾಯ್ತಿ."

"ತಪ್ಪಿಸಿ ಎಲ್ಲಿಗೆ?"

ಅವರು ಕೊಡೆಯ ತುದಿಯಿಂದ ಮೇಲಕ್ಕೆ ತೋರಿಸಿದರು. "ಕೆಳಗೆ ತೋಡು, ನಿಮ್ಮ ಮನೆ. ಮೇಲೆಯೇ ಹೋಗ್ಬೇಕು. ಟೀಚರ ಜಾಗಕ್ಕೆ."

ಕೊಡೆಯ ತುದಿ ತೋರಿಸಿದ ಕಡೆ ನೋಡಿದೆ. ಗೂಟಕ್ಕೆ ಕಟ್ಟಿದ್ದ ಕೆಂಪು ದಾರ ಗಾಳಿಗೆ ಅಲುಗುತ್ತಿತ್ತು. ತಿಳಿಯದೆ ಹೇಳಿದೆ, ಬಾಯಿ ತಪ್ಪಿ ಬಂತು ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ನಿಜವಲ್ಲ. ಕೇಳಿ, ತಿಳಿದುಕೊಂಡು, ನೋಡಿಯೇ ಹೇಳಿದೆ.

"ಉಂಟು," ಎಂದೆ. "ಕಾಸರಕನ ಬುಡದಲ್ಲಿ ನಾಗ ಉಂಟು. ಅಮ್ಮ ಹೇಳಿದ್ದಳು."

ಕಾಕ ಕಾಗದವನ್ನು ಮಡಚಿ ಕಿಸೆಗೆ ಹಾಕಿದರು. ಅವರ ಮುಖ ಬಿಳಿಚಿತ್ತು. ತಗ್ಗಿದ ದನಿಯಲ್ಲಿ, "ಅಕ್ಕ, ಒಂದು ವರ್ಷ ನಾನು ಆ ಕಲ್ಲಿನ ಮೇಲೆ ಕೂತು ಬೀಜ ತೂಗಿದ್ದೇನೆ. ನನಗೆ ದೋಷ ಎಂತ ಇಲ್ಲ ಅಲ್ವಾ?" ಎಂದು ಕೇಳಿದರು. ಗೊತ್ತಿಲ್ಲದೆ ಕೂತದ್ದಕ್ಕೆ ದೋಷವಿಲ್ಲ ಎಂದೆ. ದೋಷದ ಲೆಕ್ಕ ಹೇಳುವವಳೂ ನಾನೇ ಆದೆ.

ಆ ಸಂಜೆಯೇ ಕಲ್ಲನ್ನು ತೊಳೆದು, ಅರಶಿನ ಹಚ್ಚಿ, ಮುಂದೆ ಹಂಚಿನ ತುಂಡಿಟ್ಟೆ. ಒಲೆಯ ಮಸಿ ಕಲ್ಲಿನ ಒಳಗೇ ಇಳಿದಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಹೋಗದೆ ಇದ್ದದ್ದೇ ಒಳ್ಳೆಯದಾಯಿತು. ಕಂಡವರಿಗೆ ನೂರು ವರ್ಷದ ಎಣ್ಣೆಯ ಜಿಡ್ಡಿನ ಹಾಗೆ ಕಂಡಿತು. ಮರುವಾರ ಅಳತೆಯವರು ಬಂದಾಗ ದೂರದಲ್ಲೇ ಬೂಟು ಬಿಚ್ಚಿಟ್ಟು ಬಂದರು. ತೆಂಕಣದ ಒಬ್ಬ ಹುಡುಗ ಎಂಜಿನಿಯರು ಕೈಮುಗಿದ. ಗೆರೆ ಮೇಲೆ ಹೋಯಿತು. ತಂಗಿಯ ನಾಲ್ಕು ಗೂಟಗಳ ನಡುವೆಯೇ ಹೋಯಿತು.

ಸುದ್ದಿ ಕೇಳಿ ಅವಳು ಅಂಗನವಾಡಿಯಿಂದ ನೇರ ಬಂದಳು. ಮೇಲಿನ ಜಾಗಕ್ಕೆ ಹೋಗಲಿಲ್ಲ, ಕಲ್ಲಿನ ಹತ್ತಿರ ಬಂದು ನಿಂತಳು.

"ಅಕ್ಕ, ಇಲ್ಲಿ ನಾಗ ಉಂಟೂಂತ ನನಗ್ಯಾಕೆ ಗೊತ್ತಿಲ್ಲ?"

"ನೀನು ಸಣ್ಣವಳು. ಅಮ್ಮ ನನ್ನ ಹತ್ರ ಹೇಳಿದ್ದು."

ಅವಳು ಕಲ್ಲಿಗೆ ಕೈಮುಗಿದಳು. ಸಹಿಯ ಕಾಗದ ಹಿಡಿದು ಅವಳ ಹಿಂದೆಯೇ ಬಂದಿದ್ದ ಕಾಕನಿಗೇ ತಡೆಯಲಿಲ್ಲ. ಟೀಚರೇ, ನೀವು ತಕರಾರು ಕೊಡಬಹುದು, ಒಂದು ಪ್ರಶ್ನೆ ಇಡಿಸಿ, ಜೋಯಿಸರು ಹೇಳಿದರೆ ನಾಗನನ್ನು ಬೇರೆ ಕಡೆ ಪ್ರತಿಷ್ಠೆ ಮಾಡಲಿಕ್ಕೂ ಆಗುತ್ತದಂತೆ, ಪೈಪಿನವರು ಅಷ್ಟು ದಿನ ಕಾಯುತ್ತಾರೆ, ನಾನು ಹೇಳುತ್ತೇನೆ ಎಂದರು. ಊರಿನವರ ಬಾವಿಗಾಗಿ, ಮರಕ್ಕಾಗಿ ಆಫೀಸರ ಬೆವರಿಳಿಸಿದವಳು ಅವಳು. ತನ್ನ ಮನೆಗಾಗಿ ವಾದಿಸುತ್ತಾಳೆ ಎಂದು ನಾನು ಕಾದಿದ್ದೆ, ಹೆದರಿಯೂ ಇದ್ದೆ. ಜೋಯಿಸರ ಕವಡೆ ನನ್ನನ್ನು ಹಿಡಿದುಹಾಕುತ್ತದೆ ಎಂಬ ಹೆದರಿಕೆ.

"ಅಮ್ಮ ಹೇಳಿದ ಮೇಲೆ ನಾನು ಯಾರ ಹತ್ರ ಕೇಳುದು ಕಾಕ," ಎಂದು ಅವಳು ಕಾಗದ ಇಸಿದುಕೊಂಡು ನನ್ನ ಜಗಲಿಯ ಕಂಬಕ್ಕೆ ಒತ್ತಿ ಸಹಿ ಹಾಕಿದಳು. ಅವಳ ಸಹಿ ಚೆನ್ನಾಗಿದೆ. ಆ ಹೊತ್ತಿನಲ್ಲೂ ನಾನು ಅದನ್ನೇ ನೋಡಿದೆ.

ಜೆಸಿಬಿ ಬಂದು ಪದವಿನ ನೆಲವನ್ನು ಸೀಳಿತು. ಕೆಂಪು ಮಣ್ಣಿನ ಆಳದಲ್ಲಿ ಪೈಪು ಮಲಗಿತು, ಮಣ್ಣು ಮುಚ್ಚಿತು, ಮೇಲೆ ಹಳದಿ ಕಂಬಗಳು ನಿಂತವು. ಪೈಪಿನ ಎರಡು ಬದಿಯಲ್ಲಿ ತಂಗಿಗೆ ಉಳಿದದ್ದು ಎರಡು ಸಪೂರ ಪಟ್ಟಿ, ಒಂದು ದನದ ಹಟ್ಟಿಗೂ ಸಾಲದಷ್ಟು. ಅವಳ ಹೆಸರಿಗೆ ಪರಿಹಾರದ ಚೆಕ್ಕು ಬಂತು. ನಾಚಿಕೆಯಿಲ್ಲದೆ ಬರೆಯುತ್ತೇನೆ, ಅದಕ್ಕೂ ನನ್ನ ಹೊಟ್ಟೆ ಉರಿಯಿತು. ಗೆರೆ ಕೆಳಗೇ ಇದ್ದಿದ್ದರೆ ಅದು ನನ್ನ ಕೈಗೆ ಬರುತ್ತಿತ್ತಲ್ಲ ಎಂದು. ಅವಳ ಮನೆಯನ್ನು ನಾನೇ ಕೆಡವಿ, ಅವಳಿಗೆ ಸಿಕ್ಕಿದ ಚೂರಿಗೆ ನಾನೇ ಕುದಿದೆ. ಆ ಹಣವನ್ನು ಅವಳು ಮುಟ್ಟದೆ ಬ್ಯಾಂಕಿನಲ್ಲಿಟ್ಟಳು. ಮುಂದೆ ಎಲ್ಲಾದರೂ ಐದು ಸೆಂಟ್ಸ್ ಜಾಗ ಸಿಕ್ಕಿದರೆ ಮನೆಗೆ ಎಂದಳು.

ಮರುವರ್ಷದ ನಾಗರಪಂಚಮಿಗೆ ಸ್ಟೀಲಿನ ಡಬ್ಬಿಯಲ್ಲಿ ಹಾಲು, ಎಳನೀರು, ಅರಶಿನ ಹಿಡಿದು ಬೆಳಿಗ್ಗೆಯ ಮೊದಲ ಬಸ್ಸಿಗೆ ಬಂದಳು. ಹಾಲೆರೆದು ಕಣ್ಣು ಮುಚ್ಚಿ ನಿಂತಳು. ಅವಳ ಮುಖದಲ್ಲಿ ಬೇಸರವಿರಲಿಲ್ಲ. ನನ್ನದೂ ಎಂಬುದು ಒಂದು ಇಲ್ಲಿ ಉಂಟಲ್ಲ ಎಂಬ ಸಮಾಧಾನವಿತ್ತು. ನಾನು ಪಕ್ಕದಲ್ಲಿ ನಿಂತು ಕೈಮುಗಿದೆ. ನನಗೆ ನೆನಪಾದದ್ದು ಹಂಡೆ, ಹೊಗೆ, ಬೆಂದ ಭತ್ತದ ವಾಸನೆ. ಅವಳಿಗಿದ್ದ ನಂಬಿಕೆಯ ಮೇಲೂ ನನಗೆ ಅಸೂಯೆಯಾಯಿತು. ಕಲ್ಲು ನನ್ನ ಜಾಗದಲ್ಲಿ, ಸುಳ್ಳು ನನ್ನದು. ದೇವರು ಸಿಕ್ಕಿದ್ದು ಮಾತ್ರ ಅವಳಿಗೆ.

ಪ್ರತಿವರ್ಷ ಬಂದಳು. ಅವಳನ್ನು ಕಂಡು ಅಕ್ಕಪಕ್ಕದವರೂ ಬರತೊಡಗಿದರು. ಹಾಲು ಎರೆದ ಮೇಲೆ ಜಗಲಿಯಲ್ಲಿ ಕೂತು ಕೇಳುತ್ತಿದ್ದಳು, ಅಮ್ಮ ನಾಗನ ಬಗ್ಗೆ ಮತ್ತೆಂತ ಹೇಳಿದ್ದು ಅಕ್ಕ ಎಂದು. ನಾನು ಕಟ್ಟಿ ಹೇಳುತ್ತಿದ್ದೆ. ಅಮ್ಮ ಶನಿವಾರ ದೀಪ ಇಡುತ್ತಿದ್ದಳು ಎಂದೆ. ನಿನಗೆ ಜ್ವರ ಬಂದಾಗ ಇಲ್ಲಿಗೇ ಹರಕೆ ಹೇಳಿದ್ದಳು ಎಂದೆ. ನನ್ನ ಮಕ್ಕಳನ್ನು ನೋಡಿಕೋ ಎಂದು ಕಲ್ಲಿಗೆ ಹೇಳುತ್ತಿದ್ದಳು ಎಂದೂ ಒಮ್ಮೆ ಹೇಳಿದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಮ್ಮ ಅಂಥ ಮಾತು ಆಡಿದವಳೇ ಅಲ್ಲ. ಬೆಂಕಿ ತಗ್ಗಿತು, ಮಡಲು ಹಾಕು ಎಂಬುದಷ್ಟೇ ಅವಳ ಮಾತು. ಕಾಕನೂ ಆಗಾಗ ಬರುತ್ತಿದ್ದರು. ಅವರಿಗೆ ಮೊಣಕಾಲು ಹಿಡಿದುಕೊಂಡಿತ್ತು. ಪ್ರತಿಸಲ ಹೊರಡುವಾಗ ಕಲ್ಲಿನ ಕಡೆ ಒಂದು ಸಲ ನೋಡಿ, "ದೋಷ ಇಲ್ಲಾಂತ ನೀವೇ ಹೇಳಿದ್ದಲ್ವಾ?" ಎನ್ನುತ್ತಿದ್ದರು.

ಹೀಗೆ ಆರು ವರ್ಷ. ತಂಗಿಯ ಗಂಡ ಕೆಲಸ ಹೋಗಿ ಗಲ್ಫಿನಿಂದ ವಾಪಸು ಬಂದರು. ಕೂಡಿಟ್ಟದ್ದು ಕರಗಿತು. ಸಂಸಾರ ಬಾಡಿಗೆಯ ಎರಡು ಕೋಣೆಯಲ್ಲೇ ಉಳಿಯಿತು. ಮನೆಗೆಂದು ಉಳಿದಿದ್ದುದು ಪೈಪಿನ ಪರಿಹಾರವೊಂದೇ. ಆ ಸಲದ ಪಂಚಮಿಗೆ ಅವಳು ಹಾಲಿನ ಡಬ್ಬಿಯ ಜೊತೆ ಒಬ್ಬ ಮೇಸ್ತ್ರಿಯನ್ನೂ ಕರೆದುಕೊಂಡು ಬಂದಳು. ಮೇಸ್ತ್ರಿ ಕಿಸೆಯಿಂದ ನೂಲುಂಡೆ ತೆಗೆದು ಕಲ್ಲಿನ ಸುತ್ತ ಹಿಡಿಯತೊಡಗಿದ.

"ನಾಗನಿಗೊಂದು ಕಟ್ಟೆ ಕಟ್ಟಿಸುವ ಅಕ್ಕ," ಎಂದಳು. "ಆ ಹಣ ನಾಗನಿಂದ ಬಂದದ್ದು, ನಾಗನಿಗೇ ಹೋಗ್ಲಿ. ಅಮ್ಮನಿಗೆ ಮಾಡ್ಲಿಕ್ಕೆ ಆಗದ್ದು ನಾವಾದ್ರೂ ಮಾಡುವ. ಮನೆಯ ಯೋಗ ಇದ್ರೆ ಹೇಗಾದ್ರೂ ಬರ್ತದೆ."

ಒಮ್ಮೆ ಅವಳ ಮನೆಯನ್ನು ಕಳೆದೆ. ಇನ್ನು ಸುಮ್ಮನಿದ್ದರೆ ಮನೆಯ ಕೊನೆಯ ಆಸೆಯನ್ನೂ ನನ್ನ ಒಲೆಯ ಸುತ್ತ ಕಟ್ಟಿಬಿಡುತ್ತಾಳೆ. ಸುಮ್ಮನಿರುವುದು ಎಷ್ಟು ಸುಲಭ ಎಂಬುದನ್ನೂ ನೆನೆದೆ. ಕಟ್ಟೆಯಾದರೆ ನನ್ನ ಸುಳ್ಳು ಸಿಮೆಂಟಿನೊಳಗೆ ಹೋಗುತ್ತದೆ, ಯಾರೂ ಇನ್ನು ತೆಗೆಯಲಾರರು.

"ಕಟ್ಟೆ ಬೇಡ," ಎಂದೆ.

"ಯಾಕೆ?"

"ಇದು ನಾಗ ಅಲ್ಲ. ಒಲೆ. ಅಮ್ಮ ಭತ್ತ ಬೇಯಿಸ್ತಾ ಇದ್ದ ಒಲೆ."

ಮೇಸ್ತ್ರಿ ನೂಲು ಸುತ್ತುವುದನ್ನು ನಿಲ್ಲಿಸಿದ. ನಾನು ಸೀರೆಯ ಅಂಚನ್ನು ಸ್ವಲ್ಪ ಎತ್ತಿ ಕಾಲಿನ ಸುಟ್ಟ ಕಲೆ ತೋರಿಸಿದೆ. ಒಂಬತ್ತನೆಯ ವರ್ಷದಲ್ಲಿ ಹಂಡೆಯ ನೀರು ಚೆಲ್ಲಿ ಆದದ್ದು, ಇಲ್ಲೇ. ಅವಳು ಸಣ್ಣವಳಿದ್ದಾಗ ಆ ಕಲೆಯ ಮೇಲೆ ಬೆರಳಾಡಿಸುತ್ತಿದ್ದಳು. ಅದು ಹೇಗಾಯಿತು ಎಂದು ಅವಳೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಉಳಿದದ್ದನ್ನೂ ಹೇಳಿದೆ. ಕಾಕ ಕೇಳಿದ್ದು, ಕೊಡೆ ತೋರಿಸಿದ್ದು, ಕೆಂಪು ದಾರ, ಎರಡು ಕಿಟಕಿಯ ಕೋಣೆ. ನಿನ್ನ ಮೇಲೆ ಹೊಟ್ಟೆಕಿಚ್ಚು ಇತ್ತು ಎಂದು ಅವಳ ಮುಖ ನೋಡಿ ಹೇಳಲು ಆಗಲಿಲ್ಲ. ಕಲ್ಲನ್ನು ನೋಡಿ ಹೇಳಿದೆ.

ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಬಗ್ಗಿ ಕಲ್ಲಿನ ಮಸಿಯನ್ನು ಬೆರಳಿಂದ ಉಜ್ಜಿ ನೋಡಿದಳು.

"ಅಮ್ಮ ಹಾಗೆ ಹೇಳ್ಲೇ ಇಲ್ವಾ? ಮಕ್ಕಳನ್ನು ನೋಡಿಕೋ ಅಂತ?"

"ಇಲ್ಲ."

"ಜ್ವರಕ್ಕೆ ಹರಕೆ?"

"ಇಲ್ಲ."

"ಮನೆ ಹೋದ್ದು ಹೋಯ್ತು," ಎಂದಳು. "ಸುಳ್ಳು ಹೇಳುದಾದ್ರೆ ನಿನ್ನ ಬಾಯಲ್ಲೇ ಹೇಳ್ಬಹುದಿತ್ತಲ್ಲ. ಅಮ್ಮನ ಬಾಯಿಂದ ಯಾಕೆ ಹೇಳಿಸಿದ್ದು?"

ಅವಳು ಹಾಲಿನ ಡಬ್ಬಿಗೆ ಮುಚ್ಚಳ ಹಾಕಿ ಚೀಲಕ್ಕಿಟ್ಟಳು. ಮೇಸ್ತ್ರಿಗೆ ಇವತ್ತು ಬೇಡ ಎಂದಳು. ಮೇಲೆ ಹತ್ತಿ, ಹಳದಿ ಕಂಬಗಳನ್ನು ದಾಟಿ, ರಸ್ತೆಯಲ್ಲಿ ಬಸ್ಸಿಗೆ ನಿಂತಳು. ಬಸ್ಸು ಬರಲು ತಡವಾಯಿತು. ಅಷ್ಟು ಹೊತ್ತೂ ಅವಳ ಬೆನ್ನು ನನಗೆ ಕಾಣುತ್ತಿತ್ತು.

ಕಾಕನ ಮನೆಗೆ ಹೋಗಿ ಅವರಿಗೂ ಹೇಳಿದೆ. ಅವರು ಮೊದಲು ತಮ್ಮ ಮೊಣಕಾಲನ್ನು ನೋಡಿಕೊಂಡರು. "ಹಾಗಾದ್ರೆ ಇದು ಬರೀ ವಾತವಾ?" ಎಂದರು. ನಾನು ನಗಲಿಲ್ಲ, ಅವರೂ ನಗಲಿಲ್ಲ. ಮೊಣಕಾಲು ನೀವುತ್ತ, "ಅಷ್ಟು ಜನರ ಹತ್ರ ನಾನು ಮಾತು ಕೊಟ್ಟಿದ್ದೇನೆ ಅಕ್ಕ, ಒಂದೂ ಸುಳ್ಳಾಗ್ಲಿಲ್ಲಾಂತ ಹೇಳಿಕೊಂಡು ತಿರುಗ್ತಾ ಇದ್ದೆ," ಎಂದರು. ನಾನು ತಲೆ ತಗ್ಗಿಸಿಯೇ ನನ್ನ ಮಾತು ಹೇಳಿದೆ. ಕೆಳಗಿನ ನನ್ನ ಜಾಗದಲ್ಲಿ, ಗೇರುಮರಗಳಿರುವಷ್ಟನ್ನು ತಂಗಿಯ ಹೆಸರಿಗೆ ಬರೆದುಕೊಡುತ್ತೇನೆ. ಅವಳು ಅಲ್ಲಿ ಮನೆ ಕಟ್ಟಲಿ. ನೀವು ಹೋಗಿ ಒಪ್ಪಿಸಬೇಕು.

"ಪೈಪಿಗೆ ಜಾಗ ಕೇಳುದು ಸುಲಭ," ಎಂದರು ಕಾಕ. "ಇದು ಕಷ್ಟದ್ದು."

ಆದರೂ ಹೋದರು. ಮೂರು ಸಲ ಹೋದರು. ಮೊದಲ ಸಲ ಅವಳು ಚಾ ಕೊಟ್ಟು ಮಾತು ಬದಲಿಸಿದಳಂತೆ. ಎರಡನೆಯ ಸಲ, ಅಕ್ಕನ ಜಾಗ ಅಕ್ಕನಿಗೇ ಇರಲಿ ಎಂದಳಂತೆ. ಮೂರನೆಯ ಸಲ ಏನು ಹೇಳಿದಳು ಎಂದು ಕಾಕ ನನಗೆ ಹೇಳಲಿಲ್ಲ.

ಮುಂದಿನ ವರ್ಷದ ಪಂಚಮಿಗೆ ಬಂದ ಹೆಂಗಸರಿಗೆ ಇದು ನಮ್ಮ ಅಮ್ಮನ ಒಲೆ ಎಂದು ಹೇಳತೊಡಗಿದೆ. ಒಬ್ಬಳು ನಕ್ಕಳು. ಇನ್ನೊಬ್ಬಳು, ಹಾಗೆ ಹೇಳಬೇಡ ಮಾರಾಯ್ತಿ, ಕೇಳಿಸುತ್ತದೆ ಎಂದು ನನ್ನ ಬಾಯಿ ಮುಚ್ಚಿಸಿ ಹಾಲೆರೆದು ಹೋದಳು. ಅವಳ ಮಗಳಿಗೆ ಮದುವೆ ಕೂಡಿಬಂದದ್ದು ಈ ಕಲ್ಲಿಂದಲೇ ಅಂತೆ. ನಾನು ಇಟ್ಟ ಸುಳ್ಳು ಈಗ ನನ್ನ ಮಾತು ಕೇಳುವುದಿಲ್ಲ.

ತಂಗಿ ಬಂದದ್ದು ಮಳೆ ನಿಂತ ಮೇಲೆ, ಒಂದು ಭಾನುವಾರ. ನಾನು ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದೆ. ಅವಳು ಜಗಲಿಗೆ ಹತ್ತದೆ, ಮನೆಯ ಬದಿಯಿಂದ ಹಿಂದಕ್ಕೆ ಹೋದಳು. ಕೈಯಲ್ಲಿ ಮಡಿಕೆ ಸವೆದ ಹಳೆಯ ಪ್ಲ್ಯಾನು, ಒಂದು ನೋಟುಪುಸ್ತಕ, ಅದೇ ಟೇಪು. ನಾನು ಗೆರಸೆ ಕೆಳಗಿಟ್ಟು ಹಿಂದೆ ಹೋದೆ. ಅವಳು ಟೇಪಿನ ತುದಿಗೆ ಹೇರಲು ಕಲ್ಲು ಹುಡುಕುತ್ತಿದ್ದಳು. ನಾನು ಕೈ ಚಾಚಿದೆ. ಅವಳು ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿ, ತುದಿ ಕೊಟ್ಟಳು.

"ಗಟ್ಟಿ ಹಿಡಿ," ಎಂದಳು. ಅಕ್ಕ ಎನ್ನಲಿಲ್ಲ.

ಉದ್ದ ಅಳೆದಳು, ಅಗಲ ಅಳೆದಳು. ಒಂದು ಮೂಲೆ ಆ ಕಲ್ಲಿನ ಹತ್ತಿರ ಬಂತು. ಕಲ್ಲು ತೆಗೆಯಬೇಕಾ ಎಂದು ಕೇಳಿದೆ. ಅವಳು ಪ್ಲ್ಯಾನನ್ನು ಇನ್ನೊಂದು ಕಡೆಗೆ ತಿರುಗಿಸಿ ಹಿಡಿದು ನೋಡಿದಳು. ಆಮೇಲೆ ಪುಸ್ತಕವನ್ನು ಮೊಣಕಾಲಿನ ಮೇಲಿಟ್ಟುಕೊಂಡು ಅಳತೆ ಬರೆಯತೊಡಗಿದಳು. ಅವಳ ಅಕ್ಷರ ಈಗಲೂ ಮುತ್ತಿನ ಹಾಗೆ. ಹೊಟ್ಟೆಕಿಚ್ಚು ಪೂರ್ತಿ ಹೋಯಿತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಆ ಅಕ್ಷರ ಕಂಡು ಎದೆಯ ಮೂಲೆಯಲ್ಲಿ ಹಳೆಯ ಉರಿ ಒಂದು ಚೂರು ಎದ್ದಿತು. ಟೇಪು ಮಾತ್ರ ಬಿಡಲಿಲ್ಲ.